ನಲ್ಲಿಯ ನೀರು ಕೆಡುವುದೆಲ್ಲಿ?

ನಮ್ಮೂರ ಓಣಿಯಲ್ಲಿ ನೀರು ಬಿಟ್ಟೊಡನೆ ಬರುವ ಮೊದಲ ಕೊಡ ಕದಡಿರುತ್ತಿತ್ತು. ತಾಯಿ ಅದನ್ನು ಗಿಡಕ್ಕೆ ಸುರಿಯುತ್ತಿದ್ದಳು. ಹೊಳೆಯೇ ಮಲಿನವೆಂದು ನಾನು ನಂಬಿದ್ದೆ. ನಿಜ ಸಂಗತಿ ತಿಳಿದುದು ಹಾವೇರಿಗೆ ಓದಲು ಬಂದ ಮೇಲೆ.

ಹೊಳೆಯ ನೀರನ್ನು ತಿಳಿಗೊಳಿಸಿ, ಸೋಸಿ, ಕ್ಲೋರಿನ್ ಬೆರೆಸಿಯೇ ಊರಿಗೆ ಬಿಡುತ್ತಾರೆ. ಕೊಳವೆ ಒತ್ತಡದಿಂದ ತುಂಬಿರುವಾಗ ಬಿರುಕಿದ್ದರೂ ನೀರು ಹೊರಗೆ ಸೋರೀತೇ ಹೊರತು ಕೊಳೆ ಒಳಗೆ ಬಾರದು. ನೀರು ನಿಲ್ಲಿಸಿದಾಗ ಒತ್ತಡವಿಳಿದು, ಅದೇ ಬಿರುಕಿನಿಂದ ಚರಂಡಿಯ ನೀರು ಒಳನುಗ್ಗುತ್ತದೆ. ನಲ್ಲಿಗೆ ಮೋಟಾರು ಹಚ್ಚಿ ಎಳೆದರಂತೂ ಕೇಳುವುದೇ ಬೇಡ. ಸದಾ ತುಂಬಿದ ಕೊಳವೆಯೇ ಶುದ್ಧಿಯ ಕಾವಲುಗಾರ.

ದಿನವಿಡೀ ನೀರೊದಗಿಸುವ ಉದ್ದೇಶದಿಂದ 2014ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಸಾಲಕ್ಕೆ ಒಪ್ಪಿದ ಯೋಜನೆಯಲ್ಲಿ ದಾವಣಗೆರೆ, ಹರಿಹರಗಳೊಡನೆ ನಮ್ಮ ರಾಣೆಬೆನ್ನೂರು, ಬ್ಯಾಡಗಿಗಳೂ ಸೇರಿದವು. ಸಾಲ ತೀರಬೇಕು, ನಿಜ. ಆದರೆ ನೀರಿನ ದರ ಬಡವರ ಕೈಗೆಟುಕಲೂ ಬೇಕು. ನಲ್ಲಿಯ ಮೇಲಿನ ನಂಬಿಕೆ ಹೋದರೆ ಉಳ್ಳವರು ಕ್ಯಾನಿನ ನೀರು ಕೊಂಡಾರು; ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೂಲಿ ಪಡೆವ ಹೆಣ್ಣುಮಗಳು ಏನು ಕೊಂಡಾಳು?

ಮಿತ್ರರೇ, ಸೋರಿಕೆ ಕಂಡೊಡನೆ ತಿಳಿಸುವುದೂ, ನಲ್ಲಿಗೆ ಮೋಟಾರು ಹಚ್ಚದಿರುವುದೂ ನಮ್ಮ ಕೈಯಲ್ಲಿವೆ. ಅಷ್ಟಾದರೂ ಮಾಡೋಣ.