ಗಲ್ಫಿಗೆ ಹೊರಡುವ ಮುನ್ನಾದಿನ ಇ-ಸಿಮ್ ಬೇಡ

ನಮ್ಮ ಮನೆಯ ಹುಡುಗನೊಬ್ಬ ದುಬೈಗೆ ಹೊರಟಿದ್ದ. ಮರುದಿನ ಬೆಳಗ್ಗೆ ಚಾರ್ಮಾಡಿ ಇಳಿದು ಬಜ್ಪೆಯಲ್ಲಿ ವಿಮಾನ ಹತ್ತಬೇಕು. ರಾತ್ರಿ ಊಟ ಮುಗಿಸಿ ಕೂತವನಿಗೆ, ಊರಿನ ನಂಬರನ್ನು ಇ-ಸಿಮ್ ಮಾಡಿಕೊಂಡರೆ ಅನುಕೂಲ ಅಲ್ವಾ ಎಂದು ಹೊಳೆಯಿತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು, ಸಿಗ್ನಲ್ಲೂ ಬಂತು. ಬೆಳಗ್ಗೆ ಏರ್‌ಪೋರ್ಟಿನಲ್ಲಿ ಲಗೇಜು ತೂಕ ಹೆಚ್ಚಾಯಿತು, ದುಡ್ಡು ಕಟ್ಟಲು ಫೋನ್ ತೆಗೆದರೆ ಪೇಮೆಂಟ್ ಆ್ಯಪ್ ಮತ್ತೊಮ್ಮೆ ನಂಬರ್ ಪರಿಶೀಲನೆ ಕೇಳುತ್ತಿದೆ. ಅದಕ್ಕೆ ಈ ಫೋನಿನಿಂದ ಎಸ್‌ಎಂಎಸ್ ಹೋಗಬೇಕು, ಹೋಗುತ್ತಿಲ್ಲ. "ಬ್ಯಾಂಕಲ್ಲಿ ದುಡ್ಡು ಉಂಟಲ್ಲ ಮೋನೇ, ಮತ್ತೆಂತ?" ಎಂದು ಉಮ್ಮ ಕೇಳಿದರೆ ಉತ್ತರ ಇಲ್ಲ. ಕೊನೆಗೆ ಬಿಡಲು ಹೋಗಿದ್ದವರೇ ಜೇಬಿನಿಂದ ಕೊಟ್ಟರು.

ಕಾರಣ ಆಮೇಲೆ ಗೊತ್ತಾಯಿತು. ಸಿಮ್ ಬದಲಾದರೆ ಮೊದಲ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮ್ಮ ಸಿಮ್ಮನ್ನು ಕಳ್ಳರು ಬದಲಿಸಿಕೊಂಡರೆ ಕೂಡಲೇ ಓಟಿಪಿ ಅವರ ಕೈಗೆ ಸಿಗಬಾರದೆಂದು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಇದು. ಹಾಗಾಗಿ ಇ-ಸಿಮ್ ಮಾಡಿಸುವುದಿದ್ದರೆ ಹೊರಡುವ ಒಂದು ವಾರ ಮೊದಲೇ ಮಾಡಿಸಿ, ಬ್ಯಾಂಕ್ ಆ್ಯಪ್‌ಗಳನ್ನೆಲ್ಲ ತೆರೆದು ನೋಡಿ, ಆಮೇಲೆ ಪೆಟ್ಟಿಗೆ ಕಟ್ಟಿ.

ಇ-ಸಿಮ್ ಅಂದರೆ ಮಾಯೆ ಏನಲ್ಲ. ಪ್ಲಾಸ್ಟಿಕ್ ಸಿಮ್ಮಿನಲ್ಲಿರುವ ಮಾಹಿತಿಯನ್ನು ಫೋನಿನೊಳಗೇ ಕೂರಿಸಿದ ಚಿಪ್ಪಿಗೆ ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವುದು, ಅಷ್ಟೇ. ಗಲ್ಫಿನಲ್ಲಿರುವವರಿಗೆ ಇದರ ಲಾಭ ದೊಡ್ಡದು. ಇಷ್ಟು ದಿನ ಅಲ್ಲಿ ಇಳಿದ ಕೂಡಲೇ ಊರಿನ ಸಿಮ್ ತೆಗೆದು, ಕಾಗದದಲ್ಲಿ ಸುತ್ತಿ ಪರ್ಸಿನೊಳಗೆ ಇಡುತ್ತಿದ್ದೆವು. ಎಷ್ಟೋ ಸಿಮ್ ಹಾಗೆಯೇ ಕಳೆದುಹೋಗಿವೆ. ಈಗ ಊರಿನ ನಂಬರ್ ಇ-ಸಿಮ್ ಆಗಿ ಒಳಗಿದ್ದರೆ ಅಲ್ಲಿನ ಸಿಮ್ಮಿಗೆ ಜಾಗ ಖಾಲಿ ಇರುತ್ತದೆ, ಎರಡೂ ಒಟ್ಟಿಗೆ ನಡೆಯುತ್ತವೆ. ಉಮ್ರಾಕ್ಕೆ ಹೋಗುವವರಿಗೂ ಇದೇ ಅನುಕೂಲ.

ಮೊದಲು ನಿಮ್ಮ ಫೋನಿಗೆ ಇದು ಆಗುತ್ತದಾ ನೋಡಿ. ಡಯಲ್ ಮಾಡುವಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಅದರ ಜೊತೆ ಇಐಡಿ ಎಂಬ 32 ಅಂಕಿಯ ನಂಬರೂ ಬಂದರೆ ಆಗುತ್ತದೆ. ಬರದಿದ್ದರೆ ಆ ಫೋನಿಗೆ ಇ-ಸಿಮ್ ಇಲ್ಲ. ಐಫೋನಿನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಈ ಸೌಲಭ್ಯ ಶುರುವಾಯಿತು. ಆಂಡ್ರಾಯ್ಡಿನಲ್ಲಿ ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಇಲ್ಲ.

ಏರ್‌ಟೆಲ್, ಜಿಯೋ, ವಿಐ ಮೂರೂ ಕಂಪನಿಗಳು ಇ-ಸಿಮ್ ಕೊಡುತ್ತವೆ. ಅವರವರ ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು, ಇಲ್ಲವೇ ಆಧಾರ್ ಹಿಡಿದು ಚಿಕ್ಕಮಗಳೂರಿನ ಅಥವಾ ಮೂಡಿಗೆರೆಯ ಕಂಪನಿ ಅಂಗಡಿಗೆ ಹೋಗಬಹುದು. ನಿಮ್ಮ ಇಮೇಲ್ ಮೊದಲೇ ನೋಂದಣಿ ಆಗಿರಲಿ, ಅದರ ಪಾಸ್‌ವರ್ಡ್ ನೆನಪಿರಲಿ. ಕ್ಯೂಆರ್ ಕೋಡ್ ಬರುವುದು ಅಲ್ಲಿಗೇ. ಆ ಕೋಡನ್ನು ಇನ್ನೊಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ತೆರೆದಿಟ್ಟು, ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ಇ-ಸಿಮ್ ಸೇರಿಸು ಎಂಬುದನ್ನು ಒತ್ತಿ ಸ್ಕ್ಯಾನ್ ಮಾಡಬೇಕು.

ಇಲ್ಲಿ ನಮ್ಮ ಬೆಟ್ಟದ ಕಡೆಯವರು ಒಂದು ಮಾತು ನೆನಪಿಡಬೇಕು. ಈ ಕೆಲಸದ ನಡುವೆ ಹಳೆಯ ಸಿಮ್ ಸತ್ತುಹೋಗುತ್ತದೆ, ಹೊಸದು ಇಳಿಯಲು ಇಂಟರ್ನೆಟ್ ಬೇಕು. ಕಳಸ, ಸಂಸೆ ಕಡೆಯ ತೋಟದ ಮನೆಯಲ್ಲಿ, ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ ಕೂತು ಇದನ್ನು ಶುರು ಮಾಡಬೇಡಿ. ವೈಫೈ ಇರುವ ಮನೆಯಲ್ಲೋ ಪೇಟೆಯಲ್ಲೋ ಮಾಡಿ. ಮುಂದೆ ಫೋನ್ ರೀಸೆಟ್ ಮಾಡುವಾಗ ಇ-ಸಿಮ್ ಅಳಿಸಲೇ ಎಂದು ಕೇಳಿದರೆ ಬೇಡ ಅನ್ನಿ. ಅಳಿಸಿದರೆ ಪುನಃ ಮೊದಲಿನಿಂದ ಅರ್ಜಿ.

ಊರಿನ ನಂಬರ್ ಇಟ್ಟುಕೊಂಡು ಗಲ್ಫಿನಲ್ಲಿರುವವರು ಅದರ ಡೇಟಾ ರೋಮಿಂಗನ್ನು ಆಫ್ ಮಾಡಿಡಿ, ಇಲ್ಲವಾದರೆ ಬಿಲ್ ಬರುತ್ತದೆ. ರೀಚಾರ್ಜನ್ನೂ ಮರೆಯಬೇಡಿ. ಪ್ರಿಪೇಯ್ಡ್ ನಂಬರನ್ನು 90 ದಿನ ಏನೂ ಬಳಸದೆ ಬಿಟ್ಟರೆ ಕಂಪನಿ ಅದನ್ನು ಬಂದ್ ಮಾಡಬಹುದು. ನಂಬರ್ ಹೋದರೆ ಬ್ಯಾಂಕಿನ ಓಟಿಪಿಯೂ ಹೋಯಿತು.

ಇನ್ನು ಮೋಸದ ಮಾತು. ಇ-ಸಿಮ್ ಹೆಸರಿನಲ್ಲಿ ನಡೆಯುವ ವಂಚನೆಯ ಬಗ್ಗೆ 2025ರಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಎಚ್ಚರಿಕೆ ಕೊಟ್ಟಿದೆ. ಕಂಪನಿಯಿಂದ ಅಂತ ಕರೆ ಬರುತ್ತದೆ, ನಿಮ್ಮ ಸಿಮ್ ಅಪ್‌ಗ್ರೇಡ್ ಮಾಡಬೇಕು, ಈ ಲಿಂಕ್ ಒತ್ತಿ ಅನ್ನುತ್ತಾರೆ. ನೀವು ಒತ್ತಿ ಒಪ್ಪಿಗೆ ಕೊಟ್ಟರೆ ನಿಮ್ಮ ನಂಬರ್ ಅವರ ಫೋನಿನಲ್ಲಿ ಇ-ಸಿಮ್ ಆಗಿ ಎದ್ದು ಕೂರುತ್ತದೆ. ಆಗ ನಿಮ್ಮ ಫೋನಿನ ಸಿಗ್ನಲ್ ಪೂರ್ತಿ ಹೋಗುತ್ತದೆ. ಆದರೆ ನಮ್ಮಲ್ಲಿ ಸಿಗ್ನಲ್ ಹೋಗುವುದು ಮಾಮೂಲು, ಮಳೆಗೆ ಟವರ್ ಕೆಟ್ಟಿರಬೇಕು ಎಂದು ಸುಮ್ಮನಿರುತ್ತೇವೆ. ಅಪಾಯ ಇರುವುದೇ ಅಲ್ಲಿ. ಪಕ್ಕದ ಮನೆಯವರಿಗೆ ಅದೇ ಕಂಪನಿಯ ಸಿಗ್ನಲ್ ಇದ್ದು ನಿಮಗೆ ಮಾತ್ರ ಇಲ್ಲವಾದರೆ, ಅವರ ಫೋನಿನಿಂದಲೇ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಎಂದು ಸಂಚಾರ ಸಾಥಿಯಲ್ಲಿ ಉಚಿತವಾಗಿ ನೋಡಬಹುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ಹಾಗಾದರೆ ಮನೆಯವರೆಲ್ಲ ಇ-ಸಿಮ್ ಮಾಡಿಸಬೇಕಾ? ಬೇಡ ಅನ್ನುತ್ತೇವೆ ನಾವು. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ ಸ್ಮಾರ್ಟ್‌ಫೋನ್ ಮೊದಲ ದಿನವೇ ಮಲಗುತ್ತದೆ. ಆಗ ಅದರ ಸಿಮ್ ತೆಗೆದು ಹಳೆಯ ಬಟನ್ ಫೋನಿಗೆ ಹಾಕಿದ್ದರಿಂದಲೇ ಎಷ್ಟೋ ಮನೆಗಳಿಗೆ ಆಂಬುಲೆನ್ಸ್ ಬಂದಿದೆ. ಇ-ಸಿಮ್ಮನ್ನು ಹಾಗೆ ಕಿತ್ತು ಹಾಕಲು ಬರುವುದಿಲ್ಲ. ದೂರ ಹೋಗುವ ಮಗ ಇ-ಸಿಮ್ ಮಾಡಿಸಿಕೊಳ್ಳಲಿ, ಮನೆಯಲ್ಲಿರುವ ಉಮ್ಮನ ಸಿಮ್ ಈಗ ಇರುವ ಹಾಗೆಯೇ ಇರಲಿ. ಮಗನ ಕರೆ ಬಂದಾಗ ಎತ್ತಲು ಒಂದು ಫೋನಾದರೂ ಮನೆಯಲ್ಲಿ ಜೀವಂತ ಇರಬೇಕಲ್ಲ.