ಗ್ಲಾಸ್ಟನ್‌ಬರಿಯ ಡೇರೆಗೆ ಐದು ದಿನದ ಬುತ್ತಿ

ಇಂಗ್ಲೆಂಡಿನ ಸಾಮರ್‌ಸೆಟ್‌ನ ವರ್ದಿ ಫಾರ್ಮ್ ಎಂಬ ಹೈನುಗಾರಿಕೆಯ ಜಮೀನಿನಲ್ಲಿ 1970ರಲ್ಲಿ ಆರಂಭವಾದ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಮೊದಲ ವರ್ಷ ಒಂದು ಪೌಂಡಿನ ಟಿಕೆಟ್ಟಿನೊಂದಿಗೆ ಫಾರ್ಮಿನ ಹಾಲೂ ಉಚಿತವಾಗಿ ದೊರೆಯುತ್ತಿತ್ತು. ಇಂದು ಅಲ್ಲಿ ತಿಂಡಿಯ ಮಳಿಗೆಗಳು ಹೇರಳವಾಗಿದ್ದರೂ, ಜೂನ್ ತಿಂಗಳ ಕೊನೆಯಲ್ಲಿ ಐದು ದಿನ ಡೇರೆಯಲ್ಲಿ ತಂಗುವವರು ಸ್ವಂತ ಬುತ್ತಿ ಒಯ್ದರೆ ಖರ್ಚು ಬಹಳ ಉಳಿಯುತ್ತದೆ.

ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ವೇಗವಾಗಿ ವೃದ್ಧಿಸುವುದರಿಂದ ಈ ಅಂತರವನ್ನು ಆಹಾರಶಾಸ್ತ್ರದಲ್ಲಿ ಅಪಾಯ ವಲಯವೆನ್ನುತ್ತಾರೆ; ಬಿಸಿಲಿಗೆ ಕಾದ ಡೇರೆಯ ಒಳಭಾಗವೂ ಈ ವಲಯಕ್ಕೇ ಸೇರುವುದರಿಂದ ಪಲ್ಯ, ಬೇಯಿಸಿದ ಮೊಟ್ಟೆಗಳನ್ನು ಐಸ್ ಬಾಕ್ಸಿನಲ್ಲಿಟ್ಟು ಮೊದಲ ದಿನವೇ ಮುಗಿಸಬೇಕು. ಹೆಪ್ಪುಗಟ್ಟಿದಾಗ ನೀರು ಹಿಗ್ಗುವುದರಿಂದ ಬಾಟಲಿಗಳನ್ನು ಮುಕ್ಕಾಲು ಮಾತ್ರ ತುಂಬಿ, ಫ್ರೀಜರಿನಲ್ಲಿ ಗಟ್ಟಿಯಾಗಿಸಿ ಆ ಬಾಕ್ಸಿನಲ್ಲಿ ಜೋಡಿಸಿದರೆ, ಕರಗಿದ ಮೇಲೆ ಅದೇ ಕುಡಿಯುವ ನೀರಾಗುತ್ತದೆ.

ಉಳಿದ ದಿನಗಳಿಗೆ, ಬ್ರಿಟನ್ನಿನ ಕನ್ನಡಿಗರ ಮಟ್ಟಿಗಂತೂ, ಅವಲಕ್ಕಿಯಷ್ಟು ಒದಗುವ ಪದಾರ್ಥ ಇನ್ನೊಂದಿಲ್ಲ: ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ತಯಾರಿಸುವುದರಿಂದ ಅದು ಆಗಲೇ ಬೆಂದಿರುತ್ತದೆ, ಒಲೆಯಿಲ್ಲದೆ ತಣ್ಣೀರಿನಲ್ಲೇ ಮೆತ್ತಗಾಗುತ್ತದೆ, ಚಟ್ನಿಪುಡಿ ಬೆರೆಸಿದರೆ ಊಟವೇ ಆಗುತ್ತದೆ. ಉಪ್ಪಿನಕಾಯಿಯನ್ನು ಮಾತ್ರ ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಬೇಕು, ಏಕೆಂದರೆ ಗಾಜಿನ ಚೂರು ಜನರಿಗೂ ಅದೇ ನೆಲದಲ್ಲಿ ಮೇಯುವ ಹಸುಗಳಿಗೂ ಅಪಾಯಕಾರಿಯಾದ್ದರಿಂದ ಉತ್ಸವದೊಳಗೆ ಗಾಜನ್ನು ನಿಷೇಧಿಸಲಾಗಿದೆ.