ಬೋರ್ಡು ಹೋಗಿದೆ ಎಂದರೇನು?

ಚಾಂದನಿ ಚೌಕದ ಗಲ್ಲಿಗಳಲ್ಲಿ ಓಡಾಡಿದ ವಾಚಕ ಮಿತ್ರರು ಹಸಿರು, ಕಂದು ಬಣ್ಣದ ಸರ್ಕ್ಯೂಟ್ ಬೋರ್ಡುಗಳನ್ನು ನೋಡಿಯೇ ಇರುತ್ತಾರೆ. ಕೆಟ್ಟ ಫೋನನ್ನೋ ರೇಡಿಯೋವನ್ನೋ ರಿಪೇರಿಗೆ ಒಯ್ದಾಗ 'ಬೋರ್ಡು ಹೋಗಿದೆ' ಎಂಬ ಒಂದು ಮಾತಿಗೆ ನಾವು ತಲೆಯಾಡಿಸಿ, ಊರಿಗೆ ಕಳುಹಿಸಬೇಕಾದ ಹಣವನ್ನು ತೆತ್ತು ಬರುವುದುಂಟು. ಬೋರ್ಡಿನ ಜಾತಿ ತಿಳಿದಿದ್ದರೆ ಎರಡು ಪ್ರಶ್ನೆಗಳನ್ನಾದರೂ ಕೇಳಬಹುದಲ್ಲವೆ?

ಹಿಂದೆ ರೇಡಿಯೋದ ಭಾಗಗಳನ್ನು ಒಂದೊಂದಾಗಿ ತಂತಿಯಿಂದ ಕೈಯಾರೆ ಜೋಡಿಸುತ್ತಿದ್ದರು. ವಿಯೆನ್ನಾದಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಎಂಜಿನಿಯರು ೧೯೩೬ರ ಸುಮಾರಿಗೆ ಲಂಡನ್ನಿನಲ್ಲಿ, ತಂತಿಗೆ ಬದಲು ತಾಮ್ರದ ಗೆರೆಗಳನ್ನೇ ಹಲಗೆಯ ಮೇಲೆ ಮೂಡಿಸಿ ರೇಡಿಯೋ ಮಾಡಿ ತೋರಿಸಿದರು. ತಾಮ್ರದ ಹಾಳೆ ಅಂಟಿಸಿದ ಹಲಗೆಯ ಮೇಲೆ, ಬೇಕಾದ ಗೆರೆಗಳಿಗಷ್ಟೇ ಲೇಪ ಕೊಟ್ಟು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ, ಮಿಕ್ಕ ತಾಮ್ರ ಕರಗಿಹೋಗುತ್ತದೆ. ಉಳಿದ ಗೆರೆಯೇ ವಿದ್ಯುತ್ತಿನ ದಾರಿ.

ಒಂದೇ ಮಗ್ಗುಲಿಗೆ ತಾಮ್ರವಿರುವ ಬೋರ್ಡು ಅಗ್ಗದ್ದು. ಸಣ್ಣ ರೇಡಿಯೋ, ರಿಮೋಟು, ಚಾರ್ಜರುಗಳಲ್ಲಿರುತ್ತದೆ. ಗೆರೆ ಕಡಿದರೆ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ, ಬೆಸುಗೆಯಿಂದ ಸರಿಹೋಗುತ್ತದೆ. ಎರಡೂ ಮಗ್ಗುಲಿಗೆ ತಾಮ್ರವಿರುವುದು ಇನ್ವರ್ಟರು, ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆಗಳಲ್ಲಿದೆ. ಇದರ ತೂತುಗಳ ಒಳಗೂ ತಾಮ್ರ ಲೇಪಿಸಿ ಮೇಲು-ಕೆಳಗಿನ ಗೆರೆಗಳನ್ನು ಕೂಡಿಸಿರುತ್ತಾರೆ.

ಕಚೇರಿಯ ಕಂಪ್ಯೂಟರು, ಮೊಬೈಲುಗಳಲ್ಲಿ ಇರುವುದು ೪, ೬, ೮ ಅಥವಾ ಇನ್ನೂ ಹೆಚ್ಚು ಪದರಗಳ ಬೋರ್ಡು. ಒಳಪದರದ ಗೆರೆ ಕಡಿದರೆ ಸರಿಪಡಿಸುವುದು ಬಲು ಕಷ್ಟ. ಆದರೆ ಮೇಲೆ ಕೂರಿಸಿದ ಬಿಡಿಭಾಗ ಸುಟ್ಟಿದ್ದರೆ ಅದೊಂದನ್ನೇ ಬದಲಿಸಲು ಅನೇಕ ವೇಳೆ ಸಾಧ್ಯ. ಆದ್ದರಿಂದ 'ಹೋಗಿರುವುದು ಹಲಗೆಯೋ, ಅದರ ಮೇಲಿನ ಭಾಗವೋ?' ಎಂದು ಮೊದಲು ಕೇಳಬೇಕು. 'ಭಾಗ ಮಾತ್ರ ಬದಲಿಸಿದರೆ ಎಷ್ಟಾಗುತ್ತದೆ?' ಎಂದು ಆಮೇಲೆ ಕೇಳಬೇಕು.

ಇವಲ್ಲದೆ ಪ್ರಿಂಟರಿನ ಓಡಾಡುವ ಭಾಗಕ್ಕೆ ಬಾಗುವ ಬೋರ್ಡು, ಎಲ್‌ಇಡಿ ಬಲ್ಬಿನ ಶಾಖವನ್ನು ಹೊರಹಾಕಲು ಅಲ್ಯುಮಿನಿಯಂ ತಳದ ಬೋರ್ಡು ಇವೆ.

ಇದು ನಮಗೆ ದೂರದ ವಿದ್ಯೆಯಲ್ಲ. ಬೆಂಗಳೂರಿನಲ್ಲಿ ೧೯೪೮ರಲ್ಲಿ ಆರಂಭವಾದ ಐ.ಟಿ.ಐ., ೧೯೫೪ರ ಬಿ.ಇ.ಎಲ್. ಕಾರ್ಖಾನೆಗಳು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅನ್ನವಿಟ್ಟಿವೆ. ಬೆಸುಗೆ ಕಲಿಯಬಯಸುವ ತರುಣರು ಒಂದೇ ಮಗ್ಗುಲಿನ ಬೋರ್ಡಿನಿಂದ ಆರಂಭಿಸುವುದು ಲೇಸು.

ಕೊನೆಗೊಂದು ಮಾತು. ತಾಮ್ರದ ಆಸೆಗೆ ಹಳೆಯ ಬೋರ್ಡನ್ನು ಸುಡಬಾರದು. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಅದರ ಹೊಗೆ, ಧೂಳು ಮಕ್ಕಳಿಗೆ ವಿಷ. ಇ-ತ್ಯಾಜ್ಯ ಪಡೆಯುವ ನೋಂದಾಯಿತ ಸಂಗ್ರಹಕಾರರಿಗೆ ಅದನ್ನು ಒಪ್ಪಿಸುವುದೇ ಕ್ಷೇಮ.